ಕೋಡ್ ನಂಬಿ ಕೆಡುತ್ತಿರುವ ಕಾರುಗಳು

ಹಳೇ ಕಾರು ಇಟ್ಟುಕೊಂಡವರ ನಡುವೆ ಒಂದು ಮಾತು ಈಗ ವೇದವಾಕ್ಯದ ಹಾಗೆ ಓಡಾಡುತ್ತಿದೆ. ಡ್ಯಾಶ್‌ಬೋರ್ಡ್ ಮಾಸಿದೆಯೇ? ಡೋರ್ ಪ್ಯಾಡಿನ ರೆಕ್ಸಿನ್ ಹರಿದಿದೆಯೇ? ಗುಜರಿಯಿಂದ ತಂದ ಆರ್ಮ್‌ರೆಸ್ಟ್ ಬೇರೆ ಬಣ್ಣದ್ದೇ? ಚಿಂತೆ ಬೇಡ. ಕಂಪನಿಯ ಕಲರ್ ಕೋಡ್ ಹುಡುಕಿ, ಬಣ್ಣದ ಅಂಗಡಿಗೆ ಕೊಟ್ಟು ಕಂಪ್ಯೂಟರ್ ಮಿಕ್ಸಿಂಗ್ ಮಾಡಿಸಿ, ಗನ್ ಹಿಡಿದು ಹೊಡೆಸಿ. ಒಳಗೆಲ್ಲ ಶೋರೂಮಿನಿಂದ ಬಂದ ದಿನದ ಹಾಗೆ ಆಗಿಬಿಡುತ್ತದೆ. ಕಣ್ಣಳತೆಯಲ್ಲಿ ಶೇಡು ಹೊಂದಿಸುತ್ತಿದ್ದ ಪೇಂಟರ್‌ಗಳ ಕಾಲ ಮುಗಿಯಿತು. ಕೋಡ್ ಸುಳ್ಳು ಹೇಳುವುದಿಲ್ಲ, ಯಂತ್ರ ತಪ್ಪು ಮಾಡುವುದಿಲ್ಲ. ಹೀಗೆ ಹೇಳುವವರಲ್ಲಿ ಕಾರಿನ ಮಾಲೀಕರಿದ್ದಾರೆ, ಗ್ಯಾರೇಜಿನವರಿದ್ದಾರೆ, ಹಳೇ ವಾಹನಗಳ ಪ್ರದರ್ಶನಕ್ಕೆ ಕಾರು ಸಿದ್ಧಮಾಡುವ ಹುರುಪಿನ ತರುಣರೂ ಇದ್ದಾರೆ.

ಈ ಮಾತು ತಪ್ಪು. ತಪ್ಪು ಅನ್ನುವುದಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಚೆನ್ನಾಗಿಯೇ ಇದ್ದ ಒಳಾಂಗಣಗಳು ಈ ನಂಬಿಕೆಯಿಂದ ಒಂದೊಂದಾಗಿ ಹಾಳಾಗುತ್ತಿವೆ, ಹಾಳಾದದ್ದು ಮತ್ತೆ ಸಿಗುವುದಿಲ್ಲ. ಆದ್ದರಿಂದ ಇದನ್ನು ನೇರವಾಗಿ ಖಂಡಿಸಬೇಕಾಗಿದೆ. ನನ್ನ ವಾದ ಇಷ್ಟು: ಹಳೇ ಕಾರಿನೊಳಗೆ ಹೊಸದಾಗಿ ಹಚ್ಚುವ ಬಣ್ಣ ಹೊಂದಬೇಕಾದದ್ದು ಇವತ್ತು ಅದರ ಮಗ್ಗುಲಲ್ಲಿ ಕೂತಿರುವ ಭಾಗಕ್ಕೆ. ಕಾರ್ಖಾನೆಯ ಕಾಗದದಲ್ಲಿ ಏನು ಬರೆದಿತ್ತು ಎಂಬುದು ಎರಡನೆಯ ಮಾತು. ಹೊಂದಿತೋ ಇಲ್ಲವೋ ಎಂದು ತೀರ್ಪು ಕೊಡಬೇಕಾದದ್ದು ಒಳ್ಳೆಯ ಬೆಳಕಿನಲ್ಲಿ ನೋಡುವ, ಪಳಗಿದ ಕಣ್ಣು.

ಕೋಡಿನ ಮೇಲೆ ಇಷ್ಟು ನಂಬಿಕೆ ಬಂದದ್ದು ಹೇಗೆ? ಕಾರಿನ ಹೊರಮೈಯಿಂದ. ಬಾನೆಟ್ಟಿಗೋ ಬಾಗಿಲಿಗೋ ಬಣ್ಣ ಹೊಡೆಯುವಾಗ ಕೋಡ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಹೊರಮೈ ಎಂದರೆ ಬಹುಮಟ್ಟಿಗೆ ಒಂದೇ ಲೋಹ, ಒಂದೇ ಬಗೆಯ ನುಣುಪು, ಒಂದೇ ಹೊಳಪು. ಬಣ್ಣ ತಯಾರಿಸುವ ಕಂಪನಿಗಳು ಆ ಕೋಡಿಗೆ ತಕ್ಕ ಮಿಶ್ರಣದ ಸೂತ್ರ ಇಟ್ಟುಕೊಂಡಿರುತ್ತವೆ. ಅಷ್ಟಾದರೂ ಒಳ್ಳೆಯ ಪೇಂಟರ್ ಪಕ್ಕದ ಭಾಗದ ಮೇಲೂ ತುಸು ಹರಡಿ, ಹೊಸದು ಹಳೆಯದರಲ್ಲಿ ಕರಗುವಂತೆ ಮಾಡುತ್ತಾನೆ. ಹೊರಮೈಯಲ್ಲೇ ಕೋಡ್ ಒಂದನ್ನೇ ನೆಚ್ಚಿ ಯಾರೂ ಕೆಲಸ ಮುಗಿಸುವುದಿಲ್ಲ ಎಂದ ಮೇಲೆ, ಅದಕ್ಕಿಂತ ಹತ್ತು ಪಟ್ಟು ತೊಡಕಿನ ಒಳಾಂಗಣದಲ್ಲಿ ಅದನ್ನೇ ದೇವರು ಮಾಡಿಕೊಳ್ಳುವುದು ಹೇಗೆ ಸರಿಯಾದೀತು?

ಒಳಾಂಗಣ ಒಂದು ವಸ್ತುವಲ್ಲ. ಡ್ಯಾಶ್‌ಬೋರ್ಡಿನ ಮೇಲ್ಪದರ ಪಿವಿಸಿ, ಅದರಡಿಯ ಗಟ್ಟಿ ಭಾಗಗಳು ಎಬಿಎಸ್, ಕಂಬಗಳ ಮೇಲಿನ ಹೊದಿಕೆ ಪಾಲಿಪ್ರೊಪಿಲೀನ್, ಡೋರ್ ಪ್ಯಾಡ್ ಹಾರ್ಡ್‌ಬೋರ್ಡಿನ ಮೇಲೆ ಎಳೆದ ರೆಕ್ಸಿನ್, ನೆಲಕ್ಕೆ ನೈಲಾನ್ ಕಾರ್ಪೆಟ್, ಸೀಟಿಗೆ ಬಟ್ಟೆಯೋ ಚರ್ಮವೋ. ಇವೆಲ್ಲ ಬೇರೆ ಬೇರೆ ಕಡೆ, ಬೇರೆ ಬೇರೆ ಬಣ್ಣದ ದ್ರವ್ಯಗಳಿಂದ ತಯಾರಾಗಿ ಒಂದೇ ಕಾರಿಗೆ ಬಂದು ಸೇರಿದವು. ಬ್ಯಾಚಿನಿಂದ ಬ್ಯಾಚಿಗೆ ಶೇಡು ತುಸು ಏರುಪೇರಾಗುವುದು ರೆಕ್ಸಿನ್, ನೂಲು, ಪ್ಲಾಸ್ಟಿಕ್ ಮೂರಕ್ಕೂ ಸಹಜ. ಹಾಗಾಗಿ ಕಾರು ಹೊಸದಾಗಿದ್ದ ದಿನವೂ ಇವು ಒಂದಕ್ಕೊಂದು ಅಚ್ಚೊತ್ತಿದ ಹಾಗೆ ಹೊಂದಿರಲಿಲ್ಲ. ಇಷ್ಟರೊಳಗಿದ್ದರೆ ಸಾಕು ಎಂಬ ಒಂದು ಮಿತಿಯೊಳಗೆ ಇದ್ದವು. ಇಲ್ಲದ ಏಕತೆಯನ್ನು ಒಂದು ಕೋಡಿನಿಂದ ತರುತ್ತೇವೆ ಎಂದು ಹೊರಡುವುದೇ ಮೊದಲ ಎಡವಟ್ಟು.

ಇನ್ನು ಆ ಕೋಡ್ ಹೇಳುವುದಾದರೂ ಏನನ್ನು? 1970ರ ದಶಕದ ಮರ್ಸಿಡಿಸ್ ಡಬ್ಲ್ಯು123 ಮಾದರಿಯನ್ನೇ ನೋಡಿ. ಅದರ ಡೇಟಾ ಕಾರ್ಡಿನಲ್ಲಿ ಒಳಾಂಗಣಕ್ಕೆ ಮೂರಂಕಿಯ ಸಂಖ್ಯೆ ಇರುತ್ತದೆ. ಮೊದಲ ಅಂಕಿ ಅದು ಬಟ್ಟೆಯೋ, ಎಂಬಿ-ಟೆಕ್ಸ್ ಎಂಬ ವೈನಿಲ್ಲೋ, ಚರ್ಮವೋ ಎಂದು ಹೇಳಿದರೆ ಉಳಿದೆರಡು ಬಣ್ಣದ ಗುರುತು. ಅಮೆರಿಕದ ಜನರಲ್ ಮೋಟರ್ಸ್ ಕಾರುಗಳಲ್ಲಿ ಎಂಜಿನ್ ಹಿಂದಿನ ತಗಡಿಗೆ ಹೊಡೆದ ಪಟ್ಟಿಯಲ್ಲೂ ಇಂಥದೇ ಟ್ರಿಮ್ ಸಂಖ್ಯೆ. ಜೋಡಣೆಯ ಸಾಲಿನಲ್ಲಿ ನಿಂತವನಿಗೆ ಯಾವ ಕಾರಿಗೆ ಯಾವ ಸೀಟು, ಯಾವ ಡೋರ್ ಪ್ಯಾಡ್ ಹಾಕಬೇಕು ಎಂದು ತಿಳಿಸಲು ಅವು ಇದ್ದವು. ಎಷ್ಟು ಬಿಳಿ, ಎಷ್ಟು ಹಳದಿ, ಎಷ್ಟು ಕಪ್ಪು ಬೆರೆಸಬೇಕು ಎಂಬುದು ಅವುಗಳಲ್ಲಿ ಇಲ್ಲ. ಗೋದಾಮಿನ ಗುರುತನ್ನು ನಾವು ಬಣ್ಣದ ಸೂತ್ರ ಎಂದು ತಿಳಿದು ಕೂತಿದ್ದೇವೆ.

ನಮ್ಮ ದೇಶದ ಕಾರುಗಳಲ್ಲಿ ಸಮಸ್ಯೆ ಇನ್ನೂ ದೊಡ್ಡದು. ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಅಷ್ಟು ದೀರ್ಘ ಕಾಲದಲ್ಲಿ ಹೆಸರೊಂದೇ ಉಳಿದು ಒಳಗಿನದೆಲ್ಲ ಹಲವು ಸಲ ಬದಲಾಯಿತು. ಪ್ರೀಮಿಯರ್ ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. ಕಾಂಟೆಸ್ಸಾದ ಮೂಲ ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್. ಅಂಬಾಸಿಡರಿನದು ಮಾರಿಸ್ ಆಕ್ಸ್‌ಫರ್ಡ್. ಇಲ್ಲಿ ಕೋಡ್ ಸಿಗದಿದ್ದಾಗ ಕೆಲವರು ಆ ವಿದೇಶಿ ಮೂಲದ ಕೋಡ್ ಹುಡುಕಿ ತಂದು ಬಣ್ಣ ಬೆರೆಸಲು ಕೊಡುತ್ತಾರೆ. ಕಾರಿನ ವಿನ್ಯಾಸ ಇಟಲಿಯದ್ದಾದ ಮಾತ್ರಕ್ಕೆ ಅದರ ಸೀಟಿನ ರೆಕ್ಸಿನ್ ಇಟಲಿಯದ್ದಾಗುತ್ತದೆಯೇ? ಹೊರಗಿನದನ್ನು ಆದಷ್ಟು ತರಿಸದೆ ಇಲ್ಲಿಯ ಸಾಮಾನಿನಲ್ಲೇ ಕಾರು ಕಟ್ಟಬೇಕಿದ್ದ ಕಾಲದ ವಾಹನಗಳಿವು. ಕಣ್ಣೆದುರಿನ ರೆಕ್ಸಿನ್ನಿನ ಚೂರು ಹೇಳುವುದನ್ನು ಇಟಲಿಯ ಕಾಗದ ಹೇಳಲಾರದು.

ಒಂದು ಮಾತಿಗೆ, ಅಸಲಿ ಸೂತ್ರವೇ ಕೈಗೆ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಅದರಂತೆ ಬೆರೆಸಲು ಅಂದಿನ ದ್ರವ್ಯಗಳು ಇಂದು ಇವೆಯೇ? ಹಳೇ ಬಣ್ಣಗಳಲ್ಲಿ ಹಳದಿಗೆ ಸೀಸದ ಕ್ರೋಮೇಟ್, ಕಿತ್ತಳೆಗೆ ಮಾಲಿಬ್ಡೇಟ್ ಆರೆಂಜ್ ಧಾರಾಳವಾಗಿ ಬಳಕೆಯಲ್ಲಿದ್ದವು. ಪ್ಲಾಸ್ಟಿಕ್ಕಿಗೆ ಬಣ್ಣ ಕೊಡಲು ಕ್ಯಾಡ್ಮಿಯಂ ಹಳದಿ, ಕ್ಯಾಡ್ಮಿಯಂ ಕೆಂಪು ಇದ್ದವು. ಇವು ವಿಷಕಾರಿ ಎಂದು ಒಂದೊಂದಾಗಿ ಹಿಂದೆ ಸರಿದವು. ಕ್ಯಾಡ್ಮಿಯಮ್ಮಿನ ಇಂಥ ಬಳಕೆಗೆ ಯುರೋಪು 1991ರಲ್ಲೇ ಕಡಿವಾಣ ಹಾಕಿತು. ಅದು ಒಳ್ಳೆಯದೇ ಆಯಿತು. ಆದರೆ ಇಂದಿನ ಮಿಕ್ಸಿಂಗ್ ಯಂತ್ರದ ಡಬ್ಬಿಗಳಲ್ಲಿರುವುದು ಬೇರೆ ದ್ರವ್ಯಗಳು. ಹಳೇ ಸೂತ್ರವನ್ನು ಹೊಸ ಡಬ್ಬಿಗಳಿಗೆ ಒಗ್ಗಿಸಿ ತೆಗೆದ ಬಣ್ಣ ಒಂದು ಬೆಳಕಿನಲ್ಲಿ ತದ್ರೂಪವಾಗಿ ಕಂಡು ಇನ್ನೊಂದು ಬೆಳಕಿನಲ್ಲಿ ಬೇರೆಯಾಗಿ ಕಾಣುತ್ತದೆ. ಬಣ್ಣದ ಶಾಸ್ತ್ರದಲ್ಲಿ ಇದಕ್ಕೆ ಮೆಟಮೆರಿಸಂ ಎನ್ನುತ್ತಾರೆ. ಎರಡು ಮೇಲ್ಮೈಗಳು ಬೆಳಕಿನ ಬೇರೆ ಬೇರೆ ತರಂಗಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಿಂದಿರುಗಿಸುತ್ತಿದ್ದರೂ ಒಂದು ನಿರ್ದಿಷ್ಟ ಬೆಳಕಿನಲ್ಲಿ ಕಣ್ಣಿಗೆ ಅವುಗಳ ಮೊತ್ತ ಒಂದೇ ಆಗಿರುತ್ತದೆ. ಬೆಳಕು ಬದಲಾದ ಕೂಡಲೇ ಲೆಕ್ಕ ತಪ್ಪುತ್ತದೆ.

ಕಾರಿನೊಳಗೆ ಬೆಳಕು ಬದಲಾಗುತ್ತಲೇ ಇರುತ್ತದೆ. ಅಳತೆಯ ಲೋಕದಲ್ಲಿ ಹಗಲಿನ ಬೆಳಕಿಗೆ ಡಿ65 ಎಂಬ ಮಾನಕವಿದೆ, ಸುಮಾರು 6500 ಕೆಲ್ವಿನ್. ಹಳೇ ಬಲ್ಬಿನ ಬೆಳಕಿಗೆ ಎ ಎಂಬ ಮಾನಕ, 2856 ಕೆಲ್ವಿನ್. ಇವೆರಡರ ನಡುವೆ ಎಷ್ಟು ಅಂತರ! ಬೆಳಿಗ್ಗೆ ಹೊಂಗೆ ಮರದ ನೆರಳಲ್ಲಿ ನಿಂತ ಕಾರು, ಸಂಜೆ ಬೀದಿದೀಪದಡಿ ನಿಂತ ಅದೇ ಕಾರು, ಒಳಗೆ ಹಳದಿ ಬಲ್ಬು ಹೊತ್ತಿಕೊಂಡ ಕಾರು, ಈ ಮೂರರಲ್ಲೂ ಆರ್ಮ್‌ರೆಸ್ಟ್ ಮತ್ತು ಡೋರ್ ಪ್ಯಾಡ್ ಒಂದಾಗಿ ಕಾಣಬೇಕು. ಕಂಪ್ಯೂಟರ್ ಮಿಕ್ಸಿಂಗ್ ಮಾಡಿಸಿದ ಡಬ್ಬಿಯನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ತೆರೆದು ನೋಡಿ, ಸರಿಯಾಗಿದೆ ಎಂದು ಒಪ್ಪಿಕೊಂಡು ಬರುವುದರಿಂದ ಇದಾವುದೂ ಗೊತ್ತಾಗುವುದಿಲ್ಲ.

ಈಗ ಒಂದು ಡೋರ್ ಪ್ಯಾಡನ್ನು ಬಿಚ್ಚಿ ಹತ್ತಿರದಿಂದ ನೋಡೋಣ. ಮೂವತ್ತು ನಲವತ್ತು ವರ್ಷ ಬಿಸಿಲು ಕಂಡ, ತಿಳಿ ಕಂದು ರೆಕ್ಸಿನ್ನಿನ ಪ್ಯಾಡು. ಗಾಜು ಏರಿಸುವ ಹಿಡಿಕೆಯ ಕೆಳಗೆ ಒಂದು ದುಂಡನೆಯ ವಾಷರ್ ಇರುತ್ತದೆ. ಅದನ್ನು ತೆಗೆದರೆ ಕೆಳಗೆ ಕಾಸಿನಗಲದ ಒಂದು ವೃತ್ತ, ಬಿಸಿಲು ಸೋಕದೆ ಉಳಿದ ಬಣ್ಣ, ದಟ್ಟವಾಗಿ ತುಸು ಕೆಂಪಿನ ಕಡೆಗೆ ವಾಲಿಕೊಂಡಿರುತ್ತದೆ. ಆರ್ಮ್‌ರೆಸ್ಟಿನ ಸುತ್ತ, ಕೈ ಆಡುವ ಕಡೆ, ಎಣ್ಣೆ ಬೆವರು ಹೀರಿ ಕಪ್ಪಡರಿದ ಇನ್ನೊಂದು ಬಣ್ಣ. ಗಾಜಿನ ಅಂಚಿಗೆ ತಾಗಿದ ಮೇಲ್ಭಾಗದಲ್ಲಿ ಕೆಂಪೆಲ್ಲ ಇಳಿದು, ಒಣಹುಲ್ಲಿನ ಕಡೆಗೆ ಹೊರಳಿದ ಮೂರನೆಯ ಬಣ್ಣ. ಒಂದೇ ಪ್ಯಾಡು, ಒಂದೇ ದಿನ ಕತ್ತರಿಸಿ ಅಂಟಿಸಿದ ಒಂದೇ ರೆಕ್ಸಿನ್ನು, ಮೂರು ಬಣ್ಣ. ಕೋಡ್ ಹೇಳುವುದು ಇವುಗಳಲ್ಲಿ ಯಾವುದನ್ನು? ಹೆಚ್ಚೆಂದರೆ ವಾಷರಿನ ಕೆಳಗೆ ಅಡಗಿದ್ದ ಆ ವೃತ್ತವನ್ನು. ಕಾರಿನಲ್ಲಿ ಕೂತವರಿಗೆ ಅದು ಎಂದೂ ಕಾಣುವುದಿಲ್ಲ. ಕಾಣುವ ಪ್ಯಾಡಿನ ಪಕ್ಕದಲ್ಲಿ, ಕಾಣದ ವೃತ್ತದ ಬಣ್ಣ ಬಳಿದ ಆರ್ಮ್‌ರೆಸ್ಟ್ ತಂದು ಕೂರಿಸಿದರೆ ಅದು ಬೇರೆಲ್ಲಿಂದಲೋ ಬಂದ ಹಾಗೆ ಎದ್ದು ಕಾಣದೆ ಇನ್ನೇನು?

ಈ ಬದಲಾವಣೆ ಎಲ್ಲ ಭಾಗಗಳಲ್ಲೂ ಒಂದೇ ದಿಕ್ಕಿಗೆ ಆಗುವುದೂ ಇಲ್ಲ. ಶಾಖಕ್ಕೂ ಅತಿನೇರಳೆ ಕಿರಣಕ್ಕೂ ಸಿಕ್ಕ ಪಿವಿಸಿ ಹೈಡ್ರೋಜನ್ ಕ್ಲೋರೈಡನ್ನು ಕಳೆದುಕೊಳ್ಳುತ್ತಾ ಹಳದಿ, ಆಮೇಲೆ ಕಂದಾಗುತ್ತದೆ. ಅದನ್ನು ಮೆತ್ತಗಿಟ್ಟಿದ್ದ ಪ್ಲಾಸ್ಟಿಸೈಜರ್ ಆವಿಯಾಗಿ ಗಾಜಿನ ಒಳಮೈಗೆ ಮಂಜಿನ ಹಾಗೆ ಅಂಟುತ್ತದೆ. ಎಬಿಎಸ್ಸಿನೊಳಗಿನ ರಬ್ಬರ್ ಅಂಶ ಆಮ್ಲಜನಕದೊಡನೆ ಸೇರಿ ಹಳದಿಯಾಗುತ್ತದೆ. ಪಾಲಿಪ್ರೊಪಿಲೀನ್ ಮೇಲ್ಮೈ ಬಿರಿದು ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ದ್ರವ್ಯಗಳಲ್ಲಿ ಕಾರ್ಬನ್ ಕಪ್ಪು, ಕಬ್ಬಿಣದ ಆಕ್ಸೈಡಿನ ಹಳದಿ ಮತ್ತು ಕೆಂಪು ಬಿಸಿಲಿಗೆ ಜಗ್ಗುವುದಿಲ್ಲ. ಹಲವು ಸಾವಯವ ಕೆಂಪುಗಳು ಬೇಗ ಹಾರಿಹೋಗುತ್ತವೆ. ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಬೇಸಿಗೆಯಲ್ಲಿ 70 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವೇನಲ್ಲ. ಹೀಗೆ ನಾಲ್ಕು ವಸ್ತುಗಳು ನಾಲ್ಕು ದಿಕ್ಕಿಗೆ ಸರಿದಿರುವಾಗ, ಅವೆಲ್ಲ ಹೊರಟ ಜಾಗವನ್ನು ಹೇಳುವ ಕೋಡ್ ಇಂದು ಯಾವುದು ಎಲ್ಲಿದೆ ಎಂದು ಹೇಗೆ ಹೇಳೀತು?

ಬಣ್ಣದ ಜೊತೆ ಹೊಳಪೂ ಒರಟೂ ಇವೆ. ಕೋಡ್ ಇವೆರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದೇ ಡಬ್ಬಿಯ ಬಣ್ಣವನ್ನು ನುಣುಪು ತಗಡಿಗೂ ಕಣಕಣವಾದ ರೆಕ್ಸಿನ್ನಿಗೂ ಹೊಡೆದು ಪಕ್ಕಪಕ್ಕ ಇಡಿ. ಹೊಳೆಯುವುದು ದಟ್ಟವಾಗಿ ಕಾಣುತ್ತದೆ. ಮ್ಯಾಟ್ ಆಗಿರುವುದು ಬಿಳಿ ಬೆಳಕನ್ನು ಎಲ್ಲ ಕಡೆಗೂ ಚೆದುರಿಸುವುದರಿಂದ ಬೂದುಬಣ್ಣಕ್ಕೆ ತಿರುಗಿ ತಿಳಿಯಾಗಿ ಕಾಣುತ್ತದೆ. ಶೇಡು ಸರಿಯಿದ್ದೂ ಹೊಳಪು ತಪ್ಪಿದರೆ ಜನ ಬಣ್ಣ ಹೊಂದಿಲ್ಲ ಎಂದೇ ಹೇಳುತ್ತಾರೆ, ಅವರು ಹೇಳುವುದು ಸರಿ. ಡ್ಯೂಕೊ ಹೊಡೆದ ಹಾಗೆ ಮಿರುಗುವ ಡ್ಯಾಶ್‌ಬೋರ್ಡುಗಳು ಇಂದು ಎಷ್ಟೋ ಹಳೇ ಕಾರುಗಳಲ್ಲಿವೆ. ಅವುಗಳಲ್ಲಿ ಹಲವಕ್ಕೆ ಬಣ್ಣ ಕೋಡಿನ ಪ್ರಕಾರವೇ ಬಂದಿರುತ್ತದೆ. ಹೊಳಪನ್ನು ಕೇಳಿದವರು ಯಾರೂ ಇರಲಿಲ್ಲ.

ನೆರೆಯ ಬಣ್ಣವೂ ನೋಟವನ್ನು ಬದಲಿಸುತ್ತದೆ. ಫ್ರಾನ್ಸಿನ ಗೊಬ್ಲಾನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಅದ್ದುವ ವಿಭಾಗದ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್‌ಗೆ ಒಂದು ದೂರು ಬಂದಿತ್ತು, ಕಪ್ಪು ನೂಲಿಗೆ ಕಸುವಿಲ್ಲ ಎಂದು. ಅವನು ಪರೀಕ್ಷಿಸಿದಾಗ ಬಣ್ಣ ಸರಿಯಾಗಿಯೇ ಇತ್ತು. ಕಪ್ಪಿನ ಮಗ್ಗುಲಲ್ಲಿ ನೇಯ್ದ ಬಣ್ಣಗಳು ಅದನ್ನು ಪೇಲವವಾಗಿ ಕಾಣಿಸುತ್ತಿದ್ದವು. ಆ ವಿಷಯವನ್ನೇ ಬೆಳೆಸಿ ಅವನು 1839ರಲ್ಲಿ ಗ್ರಂಥ ಪ್ರಕಟಿಸಿದ. ಬಣ್ಣ ಒಂಟಿಯಾಗಿ ಬದುಕುವುದಿಲ್ಲ ಎಂದು ಅಷ್ಟು ಹಿಂದೆಯೇ ಗೊತ್ತಾಗಿದೆ. ಮೇಜಿನ ಮೇಲೆ ಒಂಟಿಯಾಗಿ ಸರಿಕಂಡ ಆರ್ಮ್‌ರೆಸ್ಟ್ ಮೆರೂನ್ ಸೀಟಿನ ಎದುರಿಗೆ ಕೂತಾಗ ಹಸಿರು ಛಾಯೆ ತೋರಬಹುದು. ಅದಕ್ಕೆ ಕಾರಿನೊಳಗೇ ಇಟ್ಟು ನೋಡದೆ ಬೇರೆ ದಾರಿಯಿಲ್ಲ.

ಇನ್ನು ಕೋಡ್‌ಪಕ್ಷದವರ ವಾದಗಳಿಗೆ ಬರೋಣ. ಅವರ ಮೊದಲ ಮಾತು: ಕಣ್ಣು ಒಬ್ಬೊಬ್ಬರದು ಒಂದೊಂದು ಥರ, ಯಂತ್ರಕ್ಕೆ ಪಕ್ಷಪಾತವಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯೂ ಅವರ ಬೆಂಬಲಕ್ಕಿದೆ. ಕಣ್ಣು ಮೋಸಹೋಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಯಂತ್ರದೊಳಗೆ ಕೂತಿರುವುದು ಯಾರು? ಬಣ್ಣ ಅಳೆಯುವ ಇಂದಿನ ಪದ್ಧತಿಗೆಲ್ಲ ತಳಹದಿ 1931ರಲ್ಲಿ ಅಂತರರಾಷ್ಟ್ರೀಯ ಬೆಳಕು ಆಯೋಗ ಒಪ್ಪಿಕೊಂಡ ಮಾನಕ ವೀಕ್ಷಕ. ಬ್ರಿಟನ್ನಿನಲ್ಲಿ ರೈಟ್ ಎಂಬ ವಿಜ್ಞಾನಿ 10 ಜನರ ಕಣ್ಣನ್ನೂ ಗಿಲ್ಡ್ ಎಂಬಾತ 7 ಜನರ ಕಣ್ಣನ್ನೂ ಪರೀಕ್ಷಿಸಿ ತೆಗೆದ ಸರಾಸರಿ ಅದು. 1964ರಲ್ಲಿ ಬಂದ ಎರಡನೆಯ ಮಾನಕವೂ ಮನುಷ್ಯರ ಕಣ್ಣಿನಿಂದಲೇ ಬಂತು. ಎರಡು ಬಣ್ಣಗಳ ಅಂತರವನ್ನು ಡೆಲ್ಟಾ ಇ ಎಂಬ ಅಂಕಿಯಲ್ಲಿ ಹೇಳುವ ಸೂತ್ರ 1976ರಲ್ಲಿ ಬಂದದ್ದು, ಮುಂದೆ ಸಿಐಇಡಿಇ2000 ಎಂದು ತಿದ್ದುಪಡಿಯಾಯಿತು. ಯಾಕೆ? ಅಂಕಿ ಹೇಳಿದ್ದಕ್ಕೂ ಕಣ್ಣು ಕಂಡದ್ದಕ್ಕೂ ತಾಳೆಯಾಗುತ್ತಿರಲಿಲ್ಲ. ಆಗ ಯಾರೂ ಕಣ್ಣನ್ನು ತಿದ್ದಲು ಹೋಗಲಿಲ್ಲ, ಸೂತ್ರವನ್ನು ತಿದ್ದಿದರು. ಬೂದು, ಕೆನೆ, ತಿಳಿ ಕಂದುಗಳಂಥ ಮಂದ ಬಣ್ಣಗಳಲ್ಲಿ ಕಣ್ಣು ತೀರಾ ಚುರುಕಾಗಿರುವುದರಿಂದ ಅವಕ್ಕೆಂದೇ ಸೂತ್ರದಲ್ಲಿ ವಿಶೇಷ ತಿದ್ದುಪಡಿ ಬೇಕಾಯಿತು. ಹಳೇ ಕಾರುಗಳ ಒಳಗೆ ಹೆಚ್ಚಾಗಿ ಇರುವುದು ಇದೇ ಬಣ್ಣಗಳು.

ಕಾರು ತಯಾರಿಸುವವರೇ ಏನು ಮಾಡುತ್ತಾರೆ ನೋಡಿ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ ಒಳ-ಹೊರ ಟ್ರಿಮ್ ಭಾಗಗಳು ಹೊಂದುತ್ತವೆಯೇ ಎಂದು ಕಣ್ಣಿನಿಂದ ಪರೀಕ್ಷಿಸುವ ಕ್ರಮಕ್ಕೆಂದೇ ಜೆ361 ಎಂಬ ಮಾನದಂಡ ಇಟ್ಟಿದೆ. ಉಪಕರಣದ ಅಳತೆಗೆ ಜೆ1545 ಎಂಬ ಬೇರೆ ಮಾನದಂಡವಿದೆ. ಒಂದು ಬಂತೆಂದು ಇನ್ನೊಂದು ಅನಗತ್ಯವಾಗಲಿಲ್ಲ. ಯಂತ್ರಗಳಿಗೆ ಯಾವ ಕೊರತೆಯೂ ಇಲ್ಲದ ಆ ಉದ್ಯಮ ಕಣ್ಣನ್ನು ಬಿಟ್ಟುಕೊಟ್ಟಿಲ್ಲ. ಕಣ್ಣಿಗೆ ಶಿಸ್ತು ಕಲಿಸಿದೆ: ಗೊತ್ತುಮಾಡಿದ ಬೆಳಕು, ಬೂದು ಹಿನ್ನೆಲೆ, ಗೊತ್ತಾದ ಕೋನ. ಕಣ್ಣು ಮೋಸಹೋಗುತ್ತದೆ ಎಂಬ ಆಕ್ಷೇಪಕ್ಕೆ ಸರಿಯಾದ ಉತ್ತರ ಅದು.

ಎರಡನೆಯ ವಾದ ಇದಕ್ಕಿಂತ ಗಟ್ಟಿಯಾದದ್ದು. ಕೋಡ್ ಬೇಡ, ಮಾಸಿದ ಭಾಗವನ್ನೇ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಅಳೆದು ಅದಕ್ಕೆ ತಕ್ಕ ಸೂತ್ರ ತೆಗೆದರಾಯಿತಲ್ಲ ಎನ್ನುತ್ತಾರೆ. ಹೀಗೆನ್ನುವವರು ನನ್ನ ವಾದದ ಅರ್ಧವನ್ನು ಒಪ್ಪಿದಂತಾಯಿತು. ಇಂದಿನ ಭಾಗವೇ ಗುರಿ, ಕೋಡ್ ಅಲ್ಲ. ಉಳಿದರ್ಧಕ್ಕೆ ಬರೋಣ. ಆ ಉಪಕರಣಕ್ಕೆ ಸಮತಟ್ಟಾದ, ನುಣುಪಾದ ಜಾಗ ಬೇಕು. ಒಳಾಂಗಣದಲ್ಲಿ ಇರುವುದು ಕಣಕಣವಾದ, ಬಾಗಿದ, ಹೊಲಿಗೆ ಹಾಯ್ದ ಮೇಲ್ಮೈ. ಕಣಗಳ ನಡುವಿನ ನೆರಳನ್ನೂ ಅದು ಬಣ್ಣವೆಂದೇ ಓದುತ್ತದೆ. ವರ್ಷಗಟ್ಟಲೆ ಒರೆಸಿದ ಡ್ಯಾಶ್‌ಬೋರ್ಡ್ ಪಾಲಿಶನ್ನು, ಕೈಜಿಡ್ಡನ್ನು, ಬೀಡಿ ಸಿಗರೇಟಿನ ಹೊಗೆಯನ್ನು ತೊಳೆಯದೆ ಅಳೆದರೆ ಬರುವುದು ಕೊಳೆಯ ಬಣ್ಣ. ಇದೆಲ್ಲ ಸರಿಯಾಗಿ ಮಾಡಿದರೂ ಕೈಗೆ ಸಿಗುವುದು ಆರಂಭದ ಮಿಶ್ರಣ ಮಾತ್ರ. ಅದನ್ನು ಕಾರಿನ ಬಾಗಿಲಿಗೆ ಹಿಡಿದು ನೋಡಿ ತಿದ್ದುವ ಕೆಲಸ ಹಾಗೇ ಉಳಿದಿರುತ್ತದೆ. ಯಂತ್ರ ಇರಲಿ, ಸಹಾಯಕ್ಕೆ ಇರಲಿ. ಕೊನೆಯ ಮಾತು ಅದರದ್ದಾಗದಿರಲಿ.

ಮೂರನೆಯ ವಾದ ಅಸಲಿತನದ್ದು. ಕಾರ್ಖಾನೆಯಿಂದ ಬಂದ ರೂಪಕ್ಕೆ ಮರಳಿಸುವುದೇ ಪ್ರಾಮಾಣಿಕತೆ, ಮಾಸಿದ್ದಕ್ಕೆ ಹೊಂದಿಸುವುದು ರಾಜಿ ಎಂಬುದು ಇದರ ಸಾರ. ಒಳಾಂಗಣ ಪೂರ್ತಿ ನಾಶವಾಗಿ, ಸೀಟಿನಿಂದ ಛಾವಣಿಯವರೆಗೆ ಎಲ್ಲವನ್ನೂ ಹೊಸದಾಗಿ ಮಾಡಬೇಕಾದ ಕಾರಿನಲ್ಲಿ ಈ ಮಾತನ್ನು ಒಪ್ಪುತ್ತೇನೆ. ಅಲ್ಲಿ ಹೊಂದಿಸಲು ಮಗ್ಗುಲೇ ಉಳಿದಿರುವುದಿಲ್ಲ. ಆದರೆ ಹೆಚ್ಚಿನ ಕಾರುಗಳ ಸ್ಥಿತಿ ಹಾಗಿಲ್ಲ. ಒಂದು ಭಾಗ ಕೆಟ್ಟಿರುತ್ತದೆ, ಒಂಬತ್ತು ಚೆನ್ನಾಗಿರುತ್ತವೆ. ಹಳೇ ರೇಷ್ಮೆ ಸೀರೆಗೆ ರಫೂ ಹಾಕುವವನು ನೂಲಿನ ಎಳೆಯನ್ನು ಸೀರೆಯ ಮೇಲಿಟ್ಟು ಆರಿಸುತ್ತಾನೆಯೇ ಹೊರತು ಅಂಗಡಿಯ ಹಳೇ ಬಿಲ್ಲು ನೋಡಿ ಆರಿಸುವುದಿಲ್ಲ.

ಕೋಡಿನ ದಾರಿ ಹಿಡಿದಾಗ ಆಗುವ ಅನಾಹುತ ಶುರುವಾಗುವುದೇ ಇಲ್ಲಿಂದ. ಕೋಡಿನ ಪ್ರಕಾರ ಆರ್ಮ್‌ರೆಸ್ಟಿಗೆ ಬಣ್ಣ ಹೊಡೆಯುತ್ತಾರೆ. ಪಕ್ಕದ ಡೋರ್ ಪ್ಯಾಡಿಗೆ ಹೊಂದುವುದಿಲ್ಲ. ಕೋಡ್ ತಪ್ಪಾಗಲು ಸಾಧ್ಯವಿಲ್ಲ ಎಂಬುದು ಮೊದಲೇ ತೀರ್ಮಾನವಾಗಿರುವುದರಿಂದ ತಪ್ಪು ಡೋರ್ ಪ್ಯಾಡಿನದ್ದಾಗುತ್ತದೆ; ಅದಕ್ಕೂ ಹೊಡೆಯುತ್ತಾರೆ. ಒಂದು ಬಾಗಿಲು ಹೊಸದಾದ ಮೇಲೆ ಉಳಿದ ಮೂರು ಪೇಲವವಾಗಿ ಕಾಣುತ್ತವೆ. ಅವಕ್ಕೂ ಒಂದು ಕೋಟು. ಆಮೇಲೆ ಡ್ಯಾಶ್‌ಬೋರ್ಡು, ಕಂಬಗಳು, ಸೀಟಿನ ಬದಿ. ರೆಕ್ಸಿನ್ನಿನ ಕಣಗಳ ಸಂದಿಯಲ್ಲಿ ಬಣ್ಣ ತುಂಬಿ ಅದು ಗೋಡೆಯ ಹಾಗಾಗುತ್ತದೆ. ಹೊಲಿಗೆಯ ನೂಲು ಬಿಗಿದು ಸೆಟೆದುಕೊಳ್ಳುತ್ತದೆ. ಬಾಗುವ ಜಾಗದಲ್ಲಿ ಬಣ್ಣ ಬಿರಿದು ಹಕ್ಕಳೆ ಏಳುತ್ತದೆ. ಒಂದು ಆರ್ಮ್‌ರೆಸ್ಟಿನಿಂದ ಶುರುವಾದದ್ದು ಒಳಾಂಗಣದ ಇಡೀ ಅಸಲಿ ಮೇಲ್ಮೈಯನ್ನು ನುಂಗಿ ಮುಗಿಯುತ್ತದೆ. ಅಸಲಿತನದ ಹೆಸರಿನಲ್ಲಿ ಅಸಲು ಹೋಗುತ್ತದೆ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2013ರಲ್ಲಿ ಊರ್ಜಿತಗೊಳಿಸಿದ ಟ್ಯೂರಿನ್ ಸನ್ನದು ಇದಕ್ಕೆ ವಿರುದ್ಧವಾದ ಬುದ್ಧಿಮಾತನ್ನೇ ಹೇಳುತ್ತದೆ: ಉಳಿದದ್ದನ್ನು ಕಾಪಾಡಿ, ಕೈಹಾಕುವುದನ್ನು ಆದಷ್ಟು ಕಡಿಮೆಮಾಡಿ. ನಮ್ಮಲ್ಲೂ 2021ರ ನಿಯಮಗಳು 50 ವರ್ಷ ದಾಟಿ ಮೂಲರೂಪ ಉಳಿಸಿಕೊಂಡ ವಾಹನಗಳನ್ನು ವಿಂಟೇಜ್ ಎಂದು ಪ್ರತ್ಯೇಕವಾಗಿ ಗುರುತಿಸಿವೆ. 1970ರ ದಶಕದ ಕಾರುಗಳು ಈಗ ಒಂದೊಂದಾಗಿ ಆ ಸಾಲಿಗೆ ಸೇರುತ್ತಿವೆ. ಇಂಥ ಹೊತ್ತಿನಲ್ಲಿ ಅವುಗಳ ಒಳಗನ್ನು ನಾವೇ ಅಳಿಸಿಹಾಕುವುದು ಎಂಥ ಅನ್ಯಾಯ!

ಎಲ್ಲಕ್ಕೂ ಕಪ್ಪು ಹೊಡೆದುಬಿಡಿ, ಹೊಂದಿಸುವ ರಗಳೆಯೇ ಇಲ್ಲ ಎನ್ನುವವರೂ ಉಂಟು. ನೀಲಿಗೆ ವಾಲುವ ಕಪ್ಪು, ಕಂದಿಗೆ ವಾಲುವ ಕಪ್ಪು, ಹೊಳೆಯುವ ಕಪ್ಪು, ಮಂಕು ಕಪ್ಪು ಎಂದು ಕಪ್ಪಿನಲ್ಲೇ ನಾಲ್ಕಾರಿವೆ. ಅಲ್ಲದೆ ನಮ್ಮ ಬಿಸಿಲಿಗೆ ಕಪ್ಪು ಒಳಾಂಗಣ ಕಾದ ಹೆಂಚು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ತೊಳೆಯಬೇಕು. ಸೌಮ್ಯವಾದ ಸೋಪಿನ ನೀರು, ಮೃದು ಬ್ರಶ್ಶು, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒಂದು ಒರೆಸು. ಪಾಲಿಶಿನ ಸಿಲಿಕೋನ್ ಉಳಿದರೆ ಹೊಸ ಬಣ್ಣ ಮೀನಿನ ಕಣ್ಣಿನಂಥ ಗುಳಿಗಳಾಗಿ ಒಡೆಯುತ್ತದೆ. ಎಷ್ಟೋ ಸಲ ತೊಳೆದ ಮೇಲೆ ಬಣ್ಣ ಹೊಡೆಯುವ ಅಗತ್ಯವೇ ಇಲ್ಲ ಎಂದು ಗೊತ್ತಾಗುತ್ತದೆ. ಬೇಕೇಬೇಕಾದರೆ ಅದೇ ಬಗೆಯ ಕಣವಿರುವ ಹಳೇ ರೆಕ್ಸಿನ್ನಿನ ಚೂರೊಂದನ್ನು ಗುಜರಿಯಿಂದಲೋ ಸೀಟು ಹೊಲಿಯುವವರಿಂದಲೋ ತಂದು, ಮೊದಲ ಕೋಟು ಅದರ ಮೇಲೆ ಹೊಡೆಸಬೇಕು. ಪೂರ್ತಿ ಒಣಗುವವರೆಗೆ ಕಾಯಬೇಕು, ಯಾಕೆಂದರೆ ಹಸಿ ಬಣ್ಣ ಒಂದು ಹೇಳಿದರೆ ಒಣಗಿದ ಮ್ಯಾಟ್ ಬಣ್ಣ ಇನ್ನೊಂದು ಹೇಳುತ್ತದೆ.

ನೋಡುವ ಕ್ರಮ ಇದಕ್ಕಿಂತ ಮುಖ್ಯ. ಶೇಡು ಬೆರೆಸಿ ಹೊಂದಿಸುವ ಒಳ್ಳೆಯ ಟಿಂಟರ್ ಕೆಲಸ ಮಾಡುವುದನ್ನು ಗಮನಿಸಿದರೆ ಅದು ಅರ್ಥವಾಗುತ್ತದೆ. ಚೂರನ್ನು ಅವನು ಮೇಜಿನ ಮೇಲೆ ಮಲಗಿಸಿ ನೋಡುವುದಿಲ್ಲ. ಆರ್ಮ್‌ರೆಸ್ಟ್ ಕೂರುವ ಜಾಗದಲ್ಲಿ, ಕೂರುವ ಕೋನದಲ್ಲಿ, ಡೋರ್ ಪ್ಯಾಡಿಗೆ ಅಂಚು ತಾಗಿಸಿ ಹಿಡಿಯುತ್ತಾನೆ. ಬಾಗಿಲು ತೆರೆದು ನೆರಳಿನ ಹಗಲ ಬೆಳಕಿನಲ್ಲಿ ಒಂದು ಸಲ, ಬಾಗಿಲು ಮುಚ್ಚಿ ಒಳಗೆ ಕೂತು ಒಂದು ಸಲ, ಯಾಕೆಂದರೆ ಮುಚ್ಚಿದ ಕಾರಿನಲ್ಲಿ ಸೀಟಿನ ಬಣ್ಣ ಬೆಳಕಿನ ಜೊತೆ ಬೆರೆತು ಎಲ್ಲದರ ಮೇಲೂ ಬೀಳುತ್ತದೆ. ಕಣ್ಣು ಕಿರಿದು ಮಾಡಿ ಮೊದಲು ಗಾಢವೋ ತಿಳಿಯೋ ಎಂಬುದನ್ನು ಸರಿಮಾಡುತ್ತಾನೆ. ಆಮೇಲೆ ಕೆಂಪು ಹೆಚ್ಚೋ ಹಳದಿ ಹೆಚ್ಚೋ ನೋಡುತ್ತಾನೆ. ಕೆಂಪು ಹೆಚ್ಚಿದ್ದರೆ ಹಸಿರಿನ ಒಂದು ತೊಟ್ಟು, ಕಲಕಿ ಮತ್ತೆ ಚೂರಿನ ಮೂಲೆಗೆ ಒಂದು ಕೋಟು. ಕೊನೆಗೆ ಮ್ಯಾಟ್ ಪುಡಿ ಹಾಕಿ ಹೊಳಪು ಇಳಿಸುತ್ತಾನೆ. ಅದರಿಂದ ಬಣ್ಣ ತಿಳಿಯಾಗುವುದು ಗೊತ್ತಿರುವುದರಿಂದ ಮೊದಲೇ ಒಂದು ಕೂದಲೆಳೆ ಗಾಢ ಇಟ್ಟಿರುತ್ತಾನೆ. ಮಾಲೀಕ ಹೊರಗೆ ನಿಂತು, "ಕೋಡ್ ಕೊಟ್ಟಿದೀನಲ್ಲ, ಇನ್ನೂ ಎಷ್ಟು ಹೊತ್ತು?" ಎಂದು ಕೇಳಿದರೆ ಅವನು, "ಸಾರ್, ಒಂದ್ಸಲ ಒಳಗೆ ಕೂತು ನೀವೇ ನೋಡಿ" ಎನ್ನುತ್ತಾನೆ. ನೋಡಿದ ಮೇಲೆ ವಾದ ಉಳಿಯುವುದಿಲ್ಲ.

ಬಣ್ಣ ನಿಲ್ಲಿಸುವ ಜಾಗವನ್ನೂ ಯೋಚಿಸಿಯೇ ಆರಿಸಬೇಕು. ಬೀಡಿಂಗ್, ಹೊಲಿಗೆ, ಮೂಲೆ, ಮಡಿಕೆ, ಇಂಥ ಸಹಜ ಗಡಿಯಲ್ಲಿ ನಿಂತ ಬಣ್ಣದ ಸಣ್ಣ ಅಂತರ ಕಣ್ಣಿಗೆ ಬೀಳುವುದಿಲ್ಲ. ಸಮತಟ್ಟಾದ ಜಾಗದ ನಡುವೆ ನಿಂತರೆ ಕೂದಲೆಳೆಯ ಅಂತರವೂ ಕೂಗಿ ಹೇಳುತ್ತದೆ. ಬೆರೆಸುವಾಗ ಕಬ್ಬಿಣದ ಆಕ್ಸೈಡ್, ಕಾರ್ಬನ್ ಕಪ್ಪು, ಟೈಟಾನಿಯಂ ಬಿಳಿಯಂಥ ಬಿಸಿಲಿಗೆ ನಿಲ್ಲುವ ದ್ರವ್ಯಗಳನ್ನೇ ಆದಷ್ಟು ಬಳಸಬೇಕು. ಇಂದು ಹೊಂದಿಸಿದ್ದು ನಾಳೆ ಬೇರೆಯಾಗುವುದಿಲ್ಲವೇ ಎಂಬ ಆಕ್ಷೇಪಕ್ಕೂ ಇದೇ ಉತ್ತರ. ಹಳೇ ಭಾಗ ಸಾಮಾನ್ಯವಾಗಿ ಮಾಸುವಷ್ಟು ಮಾಸಿ ನಿಧಾನವಾಗಿರುತ್ತದೆ. ಹೊಸದು ಓಡದ ಹಾಗೆ ನೋಡಿಕೊಂಡರೆ ಎರಡೂ ವರ್ಷಾನುಗಟ್ಟಲೆ ಜೊತೆಯಲ್ಲಿರುತ್ತವೆ. ಕೋಡಿನ ಬಣ್ಣಕ್ಕೆ ಆ ಸೌಭಾಗ್ಯವಿಲ್ಲ, ಅದು ಮೊದಲ ದಿನವೇ ಬೇರೆಯಾಗಿರುತ್ತದೆ.

ಇದೆಲ್ಲಕ್ಕೂ ಸಮಯ ಬೇಕು, ಕೈಪಳಗಿದ ಮನುಷ್ಯ ಬೇಕು, ಅವನಿಗೆ ಕೂಲಿ ಕೊಡಬೇಕು. ಕೋಡಿನ ಮೋಹದ ಬೇರು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಡಬ್ಬಿಗೆ ಸಾವಿರ ರೂಪಾಯಿ ಕೊಡಲು ಹಿಂಜರಿಯದವರು, ಆ ಡಬ್ಬಿಯನ್ನು ಮೂರು ತಾಸು ತಿದ್ದುವವನ ಮೂರು ತಾಸಿಗೆ ಬೆಲೆಯಿಲ್ಲ ಎಂದುಕೊಳ್ಳುತ್ತಾರೆ. ಕೋಡ್ ಇದ್ದ ಮೇಲೆ ಅವನು ಗನ್ ಹಿಡಿಯುವ ಕೈ ಮಾತ್ರ. ಬಣ್ಣ ಹೊಂದದಿದ್ದರೆ ಮಾತ್ರ ಬೈಗುಳ ಅವನಿಗೆ, ಕೋಡಿಗಲ್ಲ. ಬೆಂಗಳೂರಿನ ಶಿವಾಜಿನಗರ, ಜೆ.ಸಿ. ರಸ್ತೆಯ ಸುತ್ತಿನ ಓಣಿಗಳಲ್ಲಾಗಲಿ, ಜಿಲ್ಲಾ ಕೇಂದ್ರಗಳ ಗ್ಯಾರೇಜುಗಳಲ್ಲಾಗಲಿ ಶೇಡು ಹೊಂದಿಸುವ ವಿದ್ಯೆಯನ್ನು ಹುಡುಗರು ಹಿರಿಯರ ಪಕ್ಕದಲ್ಲಿ ನಿಂತು ಕಲಿಯುತ್ತಾರೆ. ಪುಸ್ತಕದಲ್ಲಿ ಅದು ಇಲ್ಲ. ನಾವು ಕೇಳದಿದ್ದರೆ ಹಿರಿಯರು ಮಾಡುವುದಿಲ್ಲ, ಹಿರಿಯರು ಮಾಡದಿದ್ದರೆ ಹುಡುಗರು ಕಲಿಯುವುದಿಲ್ಲ. ಆಮೇಲೆ ಕೋಡ್ ಬಿಟ್ಟರೆ ನಿಜಕ್ಕೂ ಬೇರೆ ಗತಿ ಇರುವುದಿಲ್ಲ.

ಆದ್ದರಿಂದ ಹಳೇ ಕಾರು ಇರುವವರಿಗೆ ನನ್ನ ಒತ್ತಾಯ ಇದು. ಕೋಡ್ ಸಿಕ್ಕಿದರೆ ಪೇಂಟರ್‌ಗೆ ಕೊಡಿ, ಅವನ ಕೆಲಸಕ್ಕೆ ಅದೊಂದು ಆರಂಭವಾದೀತು. ಆದರೆ ಪರೀಕ್ಷೆಯ ಚೂರು ಹೊಡೆಸದೆ, ಅದನ್ನು ಕಾರಿನೊಳಗೆ ಹಗಲ ಬೆಳಕಿನಲ್ಲಿ ಹಿಡಿದು ನೋಡದೆ, ಒಂದೇ ಒಂದು ಭಾಗಕ್ಕೂ ಬಣ್ಣ ಹೊಡೆಯಲು ಒಪ್ಪಬೇಡಿ. ಚೆನ್ನಾಗಿರುವ ಭಾಗಕ್ಕೆ, ಪಕ್ಕದ್ದು ಹೊಂದಲಿಲ್ಲ ಎಂಬ ಕಾರಣಕ್ಕೆ, ಗನ್ ತಾಗಿಸಗೊಡಬೇಡಿ. ಹೊಂದಿಸಿದವನ ಮೂರು ತಾಸಿಗೆ ಡಬ್ಬಿಯ ಬೆಲೆಗಿಂತ ಹೆಚ್ಚು ಕೊಡಿ. ಕೊನೆಗೆ ಸರಿಬಂದ ಮಿಶ್ರಣದ ಅಳತೆಯನ್ನು, ಬಳಸಿದ ದ್ರವ್ಯಗಳ ಹೆಸರನ್ನು, ದಿನಾಂಕವನ್ನು ಅವನಿಂದಲೇ ಬರೆಸಿ ಡೋರ್ ಪ್ಯಾಡಿನ ಹಿಂದೆ ಅಂಟಿಸಿ. ಮುಂದೆ ಆ ಕಾರನ್ನು ಬಿಚ್ಚುವವರಿಗೆ ಕೋಡ್ ಬೇಕೇ ಬೇಕೆಂದಿದ್ದರೆ ಇದು ಸಿಗಲಿ, ಆ ಕಾರನ್ನೇ ನೋಡಿ ಬರೆದದ್ದು.